ಗೈಡ್ ಕೈ ಹಿಡಿಯದಿದ್ದರೆ: ಪಿಎಚ್‌ಡಿ ಮಾಡುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲೇ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದವಳು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಬದುಕು ನನ್ನ ವಿಷಯವಾಗಿತ್ತು. ಆ ಕೆಲಸ ನನಗೆ ತುಂಬಾ ಇಷ್ಟ. ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರ ಜೊತೆ ಮಾತ್ರ ಏಳು ವರ್ಷ ಏಗಿದೆ. ಈಗ ಜೂನಿಯರ್‌ಗಳು ಫೋನ್ ಮಾಡಿ, "ಅಕ್ಕಾ, ಒಂದ್ನಿಮಿಷ ಮಾತಾಡಬಹುದಾ?" ಎಂದು ಶುರು ಮಾಡುತ್ತಾರೆ. ಒಂದು ಗಂಟೆ ಆಗುತ್ತದೆ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರೂ ಕೇಳುತ್ತಾರೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ನಿಯಮದ ಮಾತು ಬಂದ ಕಡೆ ಹೆಚ್ಚಾಗಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮಗಳನ್ನು ನೋಡಿ ಹೇಳಿದ್ದೇನೆ. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಅರ್ಜಿಯ ಫಾರಂ, ಸಮಿತಿಯ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತವೆ.

ನನ್ನ ಗೈಡ್ ನಿಜವಾಗಿಯೂ ಸಹಕರಿಸುತ್ತಿಲ್ಲವಾ, ಇಲ್ಲಾ ನಾನೇ ಜಾಸ್ತಿ ನಿರೀಕ್ಷೆ ಇಟ್ಟುಕೊಂಡಿದ್ದೀನಾ?

ಈ ಪ್ರಶ್ನೆ ನನ್ನನ್ನು ಎರಡು ವರ್ಷ ಕಾಡಿತ್ತು. ಗೈಡ್‌ಗಳಿಗೆ ಕೆಲಸದ ಹೊರೆ ಇರುವುದು ನಿಜ. ಒಬ್ಬ ಪ್ರೊಫೆಸರ್ ಒಂದೇ ಸಲಕ್ಕೆ 8 ಸ್ಕಾಲರ್‌ಗಳನ್ನು ತೆಗೆದುಕೊಳ್ಳಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ಅದರ ಮೇಲೆ ಎಂ.ಎ. ತರಗತಿ, ವ್ಯಾಲ್ಯುಯೇಷನ್, ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲುಗಳು. ಎರಡು ವಾರ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕೈಬಿಟ್ಟರು ಎಂದುಕೊಳ್ಳಬೇಡಿ. ಪುಟದ ತುಂಬಾ ಕೆಂಪು ಶಾಯಿಯಲ್ಲಿ ಗೀಚಿ ವಾಪಸ್ ಕೊಡುವವರ ಮೇಲೂ ಬೇಜಾರು ಬೇಡ. ಅವರು ಕೂತು ಓದಿದ್ದಾರೆ.

ನಾನು ನೋಡುವುದು ಒಂದನ್ನೇ. ಅವರ ಕೊಠಡಿಯಿಂದ ಹೊರಗೆ ಬಂದಾಗ ಮುಂದೆ ಏನು ಮಾಡಬೇಕು ಅಂತ ನಿಮಗೆ ಗೊತ್ತಿರುತ್ತದಾ? ಬೈಸಿಕೊಂಡು ಬಂದರೂ ಗೊತ್ತಿದ್ದರೆ ನಿಮ್ಮ ಗೈಡ್ ಕಟ್ಟುನಿಟ್ಟಿನವರು ಅಷ್ಟೇ. ನಗುನಗುತ್ತಾ ಕಾಫಿ ಕೊಟ್ಟು ಕಳಿಸಿದರೂ ಆರು ತಿಂಗಳಿಂದ ಏನೂ ಗೊತ್ತಾಗುತ್ತಿಲ್ಲ ಎಂದರೆ ಸಮಸ್ಯೆ ಇದೆ. ಹೊರಗೆ ಬಂದಾಗಲೆಲ್ಲ ನೀವು ಯಾತಕ್ಕೂ ಲಾಯಕ್ಕಿಲ್ಲ ಅನ್ನಿಸುತ್ತಿದ್ದರೆ ಸಮಸ್ಯೆ ದೊಡ್ಡದೇ ಇದೆ.

ಅಧ್ಯಾಯ ಕೊಟ್ಟು ಐದು ತಿಂಗಳಾಯ್ತು. ಕೇಳಿದಾಗಲೆಲ್ಲ "ನೋಡ್ತೀನಮ್ಮ" ಅಂತಾರೆ. ಏನು ಮಾಡಲಿ?

ನನ್ನ ಎರಡನೇ ಅಧ್ಯಾಯವನ್ನು ಜನವರಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿ ಕೊಟ್ಟಿದ್ದೆ. 64 ಪುಟ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಸರ್‌ಗಾಗಿ ಅವರ ಕೊಠಡಿಯಲ್ಲಿ ಕಾಯುತ್ತಾ ಕೂತಿದ್ದೆ. ಕಿಟಕಿ ಕಟ್ಟೆಯ ಮೇಲೆ ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು. ಅದರ ಕೆಳಗೆ ನನ್ನ ಅಧ್ಯಾಯದ ನೀಲಿ ರಟ್ಟು ಇಣುಕುತ್ತಿತ್ತು. ಎಳೆದು ನೋಡಿದೆ. ರಟ್ಟಿನ ಮೇಲೆ ಟೀ ಲೋಟದ ಎರಡು ಉಂಗುರ. ಒಂದು ಮೂಲೆ ಮಳೆಗೆ ನೆನೆದು, ಒಣಗಿ, ಉಬ್ಬಿತ್ತು. ಒಳಗಿನ ಹಾಳೆಗಳು ಮಾತ್ರ ಜೆರಾಕ್ಸ್ ಅಂಗಡಿಯಿಂದ ತಂದ ಹಾಗೇ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾರೂ ಬಿಡಿಸಿರಲಿಲ್ಲ. ಅದನ್ನು ಇದ್ದ ಜಾಗದಲ್ಲೇ ಇಟ್ಟು ಆಚೆ ಬಂದು ಅತ್ತೆ.

ಅವತ್ತು ನನ್ನ ರೀತಿ ಬದಲಾಯಿಸಿಕೊಂಡೆ. 64 ಪುಟ ಕೊಟ್ಟರೆ ಓದದವರು 8 ಪುಟ ಕೊಟ್ಟರೆ ಓದಬಹುದು. ಸಣ್ಣ ತುಂಡು ಮಾಡಿ ಕೊಡಲು ಶುರು ಮಾಡಿದೆ. ಮೇಲೆ ಒಂದು ಹಾಳೆ, ಅದರಲ್ಲಿ ಮೂರೇ ಪ್ರಶ್ನೆ. "ಈ ಅಧ್ಯಾಯ ಹೇಗಿದೆ ಸರ್?" ಅಂತ ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. "ಪೀಣ್ಯದ ಸಂದರ್ಶನಗಳನ್ನು ಈ ಅಧ್ಯಾಯದಲ್ಲೇ ಸೇರಿಸಲಾ, ಬೇರೆ ಮಾಡಲಾ?" ಅಂತ ಕೇಳಿದರೆ ನಿಂತ ನಿಲುವಿನಲ್ಲೇ ಒಂದು ಮಾತು ಹೇಳುತ್ತಾರೆ. ನನಗೆ ಬೇಕಿದ್ದಿದ್ದು ಆ ಒಂದು ಮಾತು.

ಕೊಟ್ಟ ದಿನವೇ ಒಂದು ಇಮೇಲ್ ಹಾಕಿ. ನಾನು ಹಾಕುತ್ತಿದ್ದದ್ದು ಹೀಗೆ: "ಸರ್, ನಮಸ್ಕಾರ. ಮೂರನೇ ಅಧ್ಯಾಯದ ಮೊದಲ 8 ಪುಟಗಳನ್ನು ಇವತ್ತು ತಮ್ಮ ಕೈಗೆ ಕೊಟ್ಟಿದ್ದೇನೆ. ಪ್ರತಿ ಇದಕ್ಕೆ ಲಗತ್ತಿಸಿದೆ. ತಾವು ನೋಡುವವರೆಗೆ ನಾನು ಮುಂದಿನ ಭಾಗ ಬರೆಯುತ್ತಿರುತ್ತೇನೆ. 20ನೇ ತಾರೀಖು ಬೆಳಿಗ್ಗೆ ಬಂದು ಕಾಣಲೇ?" ಇಷ್ಟೇ. ಇದರಲ್ಲಿ ದೂರು ಇಲ್ಲ. ತಾರೀಖು ಇದೆ.

ಇನ್ನೊಂದು ಮಾತು. ಉತ್ತರ ಬರುವವರೆಗೆ ಸುಮ್ನೆ ಕೂರಬೇಡಿ. ನಾನು ಏಳು ತಿಂಗಳು ಕೂತಿದ್ದೆ. ಅವರು ಓದದೇ ಇದ್ದದ್ದಕ್ಕಿಂತ ನಾನು ಬರೆಯದೇ ಇದ್ದದ್ದು ನನಗೆ ಜಾಸ್ತಿ ನಷ್ಟ ಮಾಡಿತು.

ಇಮೇಲ್ ಹಾಕಿದರೆ ಗೈಡ್‌ಗೆ ಕೋಪ ಬರಲ್ವಾ? "ನನ್ನ ವಿರುದ್ಧ ದಾಖಲೆ ಮಾಡ್ತಿದ್ದಾಳೆ" ಅಂದುಕೊಂಡರೆ?

ಮೊದಲ ದಿನದಿಂದಲೇ, ಸಂಬಂಧ ಚೆನ್ನಾಗಿದ್ದಾಗಲೇ ಅಭ್ಯಾಸ ಮಾಡಿಕೊಂಡರೆ ಯಾರಿಗೂ ಹಾಗೆ ಅನ್ನಿಸುವುದಿಲ್ಲ. "ತಾವು ಹೇಳಿದ್ದು ಮರೆತುಹೋಗಬಾರದು ಅಂತ ಬರೆದುಕೊಂಡೆ ಸರ್" ಎಂದು ಸೇರಿಸಿ. ಸುಳ್ಳೂ ಅಲ್ಲ.

ಇಮೇಲ್ ಜೊತೆಗೆ ಒಂದು ನೋಟ್‌ಬುಕ್ ಇಡಿ. ನನ್ನದು 200 ಪುಟದ ಲಾಂಗ್ ನೋಟ್‌ಬುಕ್. ತಾರೀಖು, ಏನು ಕೊಟ್ಟೆ, ಏನು ಹೇಳಿದರು, ಎಷ್ಟು ಹೊತ್ತು ಕಾದೆ. ಬೈದಿದ್ದರೆ ಅವರ ಬಾಯಿಂದ ಬಂದ ಮಾತನ್ನೇ ಬರೆದೆ, ನನ್ನ ಸಿಟ್ಟನ್ನು ಬರೆಯಲಿಲ್ಲ. ಐದನೇ ವರ್ಷದಲ್ಲಿ "ಈ ಹುಡುಗಿ ಕೆಲಸವನ್ನೇ ಮಾಡಿಲ್ಲ" ಎಂಬ ಮಾತು ಬಂದಾಗ ನನ್ನ ಕಡೆ ಇದ್ದದ್ದು ಆ ಪುಸ್ತಕ ಒಂದೇ.

ಆರ್‌ಎಸಿ ಸಭೆ ಅಂದರೆ ಸುಮ್ನೆ ಸಹಿ ಹಾಕೋ ಶಾಸ್ತ್ರ ಅಲ್ವಾ? ಅದರಿಂದ ಏನು ಪ್ರಯೋಜನ?

ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು ಮಾಡಿದೆ. ಆರ್‌ಎಸಿ ಅಂದರೆ ರಿಸರ್ಚ್ ಅಡ್ವೈಸರಿ ಕಮಿಟಿ, ಕೆಲವು ಕಡೆ ಡಾಕ್ಟೋರಲ್ ಕಮಿಟಿ ಅನ್ನುತ್ತಾರೆ, ನಿಮ್ಮ ಸಂಶೋಧನೆಯ ಬಗ್ಗೆ ಗೈಡ್ ಜೊತೆಗೆ ಬೇರೆಯವರೂ ಕೂತು ಕೇಳುವ ಜಾಗ. ಪ್ರತಿ ಸೆಮಿಸ್ಟರ್‌ಗೂ ನೀವು ಅದರ ಮುಂದೆ ಕೆಲಸ ತೋರಿಸಬೇಕು ಎಂದು ನಿಯಮವೇ ಇದೆ. ಪ್ರಗತಿ ಸಾಲದು ಅಂತ ಅನ್ನಿಸಿದರೆ ಸಮಿತಿ ಕಾರಣವನ್ನು ದಾಖಲಿಸಿ, ಏನು ಸರಿಮಾಡಬೇಕು ಎಂದು ಹೇಳಬೇಕು. ನೋಂದಣಿ ರದ್ದಿಗೆ ಶಿಫಾರಸು ಮಾಡುವುದಾದರೂ ನಿರ್ದಿಷ್ಟ ಕಾರಣ ಕೊಡಬೇಕು. ಅಂದರೆ ಗೈಡ್ ಒಬ್ಬರೇ ಸಿಟ್ಟಿನಲ್ಲಿ "ನಿನ್ನ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸ್ತೀನಿ" ಅಂದರೆ ಅದು ಅಷ್ಟು ಸುಲಭವಾಗಿ ಆಗುವ ಕೆಲಸವಲ್ಲ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ನಾನು ಎಷ್ಟೋ ರಾತ್ರಿ ನಿದ್ದೆ ಮಾಡಿರುತ್ತಿದ್ದೆ.

ಹಾಗಾಗಿ ಸಭೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮಾಡಿದ ಕೆಲಸವನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಪ್ರತಿ ಕೊಡಿ. "ಎರಡನೇ ಅಧ್ಯಾಯ ಜನವರಿಯಲ್ಲಿ ಸಲ್ಲಿಸಿದೆ, ಸಲಹೆಗೆ ಕಾಯುತ್ತಿದ್ದೇನೆ" ಎಂಬ ಸಾಲು ಅದರಲ್ಲಿ ಇರಲಿ. ಗೈಡ್ ಮೇಲೆ ಒಂದು ಮಾತೂ ಆಡಬೇಡಿ, ಆ ಸಾಲು ಸಾಕು. ನನ್ನ ಸಭೆಯಲ್ಲಿ ಹೊರಗಿನ ವಿಭಾಗದ ಒಬ್ಬ ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಈ ತಿಂಗಳಲ್ಲಿ ಮುಗಿಸಿಬಿಡೋಣ ಅಲ್ವಾ?" ಎಂದು ಮೆತ್ತಗೆ ಕೇಳಿದರು. ಏಳು ತಿಂಗಳಲ್ಲಿ ಆಗದ ಕೆಲಸ ಮೂರು ವಾರದಲ್ಲಿ ಆಯಿತು.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳಿ ಪಡೆಯಿರಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಆದರೆ ಅದು ಕೊನೆಯ ದಾರಿ. ಮೊದಲು ಕಚೇರಿಯ ಸಿಬ್ಬಂದಿಯ ಹತ್ತಿರ ಮರ್ಯಾದೆಯಿಂದ ಕೇಳಿ. ವಿಭಾಗದ ಕಚೇರಿಯಲ್ಲಿ ಫೈಲು ಎಲ್ಲಿದೆ ಅಂತ ಗೊತ್ತಿರುವುದು ಅವರಿಗೇ.

ಎಲ್ಲರ ಮುಂದೆ ಬೈತಾರೆ. ಎದುರು ಮಾತಾಡಲಾ, ತಲೆ ತಗ್ಗಿಸಿ ನಿಲ್ಲಲಾ?

ಆ ಕ್ಷಣದಲ್ಲಿ ಎದುರು ಮಾತು ಬೇಡ. "ಸರಿ ಸರ್, ಇದನ್ನು ನೋಡ್ತೀನಿ" ಎಂದು ಹೇಳಿ ಹೊರಗೆ ಬನ್ನಿ. ಎರಡು ಮೂರು ದಿನ ಬಿಟ್ಟು, ಅವರು ಒಬ್ಬರೇ ಇದ್ದಾಗ ಹೋಗಿ ಹೇಳಿ: "ಸರ್, ನನ್ನ ಕೆಲಸದಲ್ಲಿ ತಪ್ಪಿದ್ದರೆ ಖಂಡಿತ ಹೇಳಿ, ತಿದ್ದಿಕೊಳ್ತೀನಿ. ಬೇರೆಯವರ ಮುಂದೆ ಹೇಳಿದಾಗ ನನಗೆ ಏನೂ ತಲೆಗೆ ಹೋಗಲ್ಲ." ಕೆಲವರು ಇದನ್ನು ಕೇಳಿ ನಿಜವಾಗಿ ಬದಲಾಗುತ್ತಾರೆ. ತಮ್ಮ ಗೈಡ್ ತಮಗೆ ಮಾಡಿದ್ದನ್ನೇ ನಮಗೂ ಮಾಡುತ್ತಿರುತ್ತಾರೆ, ಯಾರೂ ಹೇಳಿರುವುದಿಲ್ಲ.

ಬದಲಾಗದಿದ್ದರೆ ನೋಟ್‌ಬುಕ್ ಇದೆ. ಜಾತಿ, ಊರು, ಮೈಬಣ್ಣ, ಮದುವೆ, ಬಸಿರು, ಇವುಗಳ ಮೇಲೆ ಮಾತು ಬಂದರೆ ಅದನ್ನು ಬೈಗುಳ ಎಂದು ಸಹಿಸಿಕೊಳ್ಳಬೇಡಿ. ಕೆಳಗೆ ದೂರಿನ ಪ್ರಶ್ನೆ ನೋಡಿ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. "ನಿನ್ನ ಇಂಗ್ಲಿಷ್‌ಗೆ ಪಿಎಚ್‌ಡಿ ಯಾಕೆ ಬೇಕಿತ್ತು?" ಅಂತಾರೆ.

ಈ ಮಾತು ಕೇಳಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನಿಮ್ಮ ತಲೆಯಲ್ಲಿರುವ ವಿಚಾರ ಬೇರೆ, ಅದನ್ನು ಇಂಗ್ಲಿಷ್ ವಾಕ್ಯಕ್ಕೆ ಇಳಿಸುವ ಕೌಶಲ ಬೇರೆ. ಎರಡನೆಯದನ್ನು ಯಾರು ಬೇಕಾದರೂ ಕಲಿಯಬಹುದು. ಕೆಲವು ವಿಶ್ವವಿದ್ಯಾಲಯಗಳಲ್ಲಿ, ಕೆಲವು ವಿಷಯಗಳಲ್ಲಿ ಪ್ರಬಂಧವನ್ನು ಕನ್ನಡದಲ್ಲೇ ಬರೆಯಲು ಅವಕಾಶ ಇದೆ. ನಿಮ್ಮಲ್ಲಿ ಇದೆಯಾ ಅಂತ ನೋಂದಣಿ ಹೊತ್ತಿಗೇ ಲಿಖಿತವಾಗಿ ಕೇಳಿ.

ಇಂಗ್ಲಿಷ್‌ನಲ್ಲೇ ಬರೆಯಬೇಕಾದರೆ ನಾನು ಮಾಡಿದ್ದು ಇದು. ಮೊದಲು ಪ್ಯಾರಾ ಪೂರ್ತಿ ಕನ್ನಡದಲ್ಲಿ ಬರೆದೆ, ನನ್ನ ಅಮ್ಮನಿಗೆ ಹೇಳುವ ಹಾಗೆ. ಅಮ್ಮನಿಗೆ ಅರ್ಥವಾಗುವಷ್ಟು ತಿಳಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದೆ. ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ್ದೇ ನಾಲ್ಕೈದು ತೆಗೆದು, ಅಧ್ಯಾಯ ಹೇಗೆ ಶುರು ಮಾಡಿದ್ದಾರೆ, ಹೇಗೆ ಮುಗಿಸಿದ್ದಾರೆ ಎಂದು ನೋಡಿ. ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. ಹೋಲಿಕೆ 10 ಪರ್ಸೆಂಟ್ ದಾಟಿದರೆ ತೊಂದರೆ ಶುರುವಾಗುತ್ತದೆ, ಯುಜಿಸಿಯ 2018ರ ಕೃತಿಚೌರ್ಯದ ನಿಯಮ ಹಾಗಿದೆ.

ಬ್ಯಾಂಕಿನ ಕೆಲಸ, ಉತ್ತರಪತ್ರಿಕೆ ಎಣಿಸೋದು, ಅವರ ಲೇಖನ ಬರೆದುಕೊಡೋದು. ಇದೆಲ್ಲ ಮಾಮೂಲಿ ಅಲ್ವಾ?

ಮಾಮೂಲಿ ಆಗಿದೆ, ಸರಿಯಲ್ಲ. ಸೆಮಿನಾರಿಗೆ ಕುರ್ಚಿ ಹಾಕಿಸುವುದು, ಅತಿಥಿಗಳನ್ನು ಮೆಜೆಸ್ಟಿಕ್‌ನಿಂದ ಕರೆದುಕೊಂಡು ಬರುವುದು ವಿಭಾಗದ ಕೆಲಸ. ಎಲ್ಲರೂ ಹಂಚಿಕೊಂಡರೆ ತಪ್ಪಿಲ್ಲ, ಕಲಿಯುವುದೂ ಇದೆ. ಅವರ ಮನೆಯ ಗ್ಯಾಸ್ ಬುಕ್ ಮಾಡುವುದು ನಿಮ್ಮ ಕೆಲಸವಲ್ಲ. ನೇರವಾಗಿ ಇಲ್ಲ ಅನ್ನಲು ಆಗದಿದ್ದರೆ, "ಇವತ್ತು ಫೀಲ್ಡ್‌ಗೆ ಹೋಗಬೇಕು ಸರ್" ಎಂದು ನಿಜವಾಗಿಯೂ ಫೀಲ್ಡ್‌ಗೆ ಹೋಗಿಬಿಡಿ. ವಾರದಲ್ಲಿ ಎರಡು ದಿನ ವಿಭಾಗದಲ್ಲಿ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಾದರೆ ಅರ್ಧ ಕೆಲಸ ತಾನೇ ಕಡಿಮೆ ಆಗುತ್ತದೆ.

ಲೇಖನದ ವಿಷಯ ಗಂಭೀರ. ನೀವು ಸಂಗ್ರಹಿಸಿದ ಮಾಹಿತಿ, ನೀವು ಬರೆದ ಮಾತು ನಿಮ್ಮ ಹೆಸರಿಲ್ಲದೆ ಅಚ್ಚಾಗಬಾರದು. ಬರೆಯುವ ಮೊದಲೇ, "ಸರ್, ಇದರಲ್ಲಿ ಹೆಸರು ಯಾವ ಕ್ರಮದಲ್ಲಿ ಬರುತ್ತೆ?" ಎಂದು ಕೇಳಿ, ಅವರು ಹೇಳಿದ್ದನ್ನು ಇಮೇಲ್‌ನಲ್ಲಿ ಹಾಕಿ. ಡ್ರಾಫ್ಟ್‌ಗಳನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ.

ಸಿನಾಪ್ಸಿಸ್ (ಪ್ರಬಂಧದ ಸಾರಾಂಶ) ಮುಂದೆ ಹೋಗಬೇಕಾದರೆ ದುಡ್ಡು ಕೊಡಬೇಕು ಅಂತ ಸುತ್ತಿ ಬಳಸಿ ಹೇಳ್ತಿದ್ದಾರೆ.

ಕೊಡಬೇಡಿ. ವಿಶ್ವವಿದ್ಯಾಲಯದ ಪ್ರೊಫೆಸರ್, ಅಧ್ಯಾಪಕರು ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ಸೇವಕರೇ. ಲೋಕಾಯುಕ್ತಕ್ಕೆ ದೂರು ಕೊಡಬಹುದು. ಅದರ ಕಚೇರಿ ಅಂಬೇಡ್ಕರ್ ಬೀದಿಯ ಬಹುಮಹಡಿ ಕಟ್ಟಡದಲ್ಲಿದೆ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು.

ಗೈಡ್ ಬದಲಾಯಿಸಬಹುದಾ? ಹೆಸರು ಕೆಡುತ್ತೆ ಅಂತ ಭಯ.

ಬದಲಾಯಿಸಬಹುದು. ಹೆಸರು ಎರಡು ತಿಂಗಳು ಕೆಡಬಹುದು. ವಿಭಾಗದಲ್ಲಿ ಎರಡು ತಿಂಗಳಾದ ಮೇಲೆ ಮಾತಾಡಲು ಬೇರೆ ವಿಷಯ ಬಂದಿರುತ್ತದೆ.

ಆದರೆ ಮಾಡುವ ಕ್ರಮ ಮುಖ್ಯ. ಇರುವ ಗೈಡ್‌ಗೆ ಹೇಳುವ ಮೊದಲು ಮುಂದಿನ ಗೈಡ್ ಯಾರು ಎಂದು ಗೊತ್ತಿರಬೇಕು. ಅವರಲ್ಲಿ ಜಾಗ ಖಾಲಿ ಇರಬೇಕು, ಆ 8, 6, 4 ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸ ಸ್ಕಾಲರ್ ತೆಗೆದುಕೊಳ್ಳುವ ಹಾಗಿಲ್ಲ, ಅದನ್ನೂ ನೋಡಿಕೊಳ್ಳಿ. ಹೊಸಬರ ಹತ್ತಿರ ಹಳಬರನ್ನು ದೂರಬೇಡಿ. ಅವರು ದಿನಾ ಒಂದೇ ಕಾರಿಡಾರಿನಲ್ಲಿ ಓಡಾಡಬೇಕಾದವರು. "ನನ್ನ ವಿಷಯ ತಮ್ಮ ಕ್ಷೇತ್ರದ ಕಡೆ ವಾಲುತ್ತಿದೆ" ಎಂದು ಹೇಳಿದರೆ ಅವರಿಗೂ ಒಪ್ಪಿಕೊಳ್ಳಲು ದಾರಿ ಸಿಗುತ್ತದೆ. ಆಮೇಲೆ ವಿಭಾಗದ ಮುಖ್ಯಸ್ಥರ ಮೂಲಕ ಅರ್ಜಿ. ನೋಂದಣಿಯ ಹಳೇ ತಾರೀಖೇ ಉಳಿಯುತ್ತದಾ, ವಿಷಯದ ಶೀರ್ಷಿಕೆ ಬದಲಾಗುತ್ತದಾ, ಎರಡನ್ನೂ ಲಿಖಿತವಾಗಿ ಕೇಳಿ. ಬಾಯಿಮಾತಿನ ಭರವಸೆ ನಂಬಿ ಒಬ್ಬ ಗೆಳೆಯ ಒಂದು ವರ್ಷ ಕಳೆದುಕೊಂಡ.

ಪೂರ್ತಿ ಬದಲಾಯಿಸುವ ಧೈರ್ಯ ಇಲ್ಲದಿದ್ದರೆ ಕೋ-ಗೈಡ್ ಕೇಳಿ. ನಿಮ್ಮ ವಿಭಾಗದವರಾಗಲಿ, ಬೇರೆ ವಿಭಾಗದವರಾಗಲಿ, ಬೇರೆ ಸಂಸ್ಥೆಯವರೇ ಆಗಲಿ, ಅನುಮತಿ ಪಡೆದು ಸೇರಿಸಿಕೊಳ್ಳಲು ಅವಕಾಶ ಇದೆ. ನಾನು ಮಾಡಿದ್ದು ಇದನ್ನೇ. ಗೈಡ್‌ಗೆ ಅವಮಾನ ಆಗಲಿಲ್ಲ, ನನಗೆ ಓದುವವರು ಸಿಕ್ಕರು. ಐದನೇ ವರ್ಷದಲ್ಲಿ ಮಾಡಿದೆ. ಮೂರನೇ ವರ್ಷದಲ್ಲೇ ಮಾಡಬೇಕಿತ್ತು.

ಮದುವೆಯಾಗಿಯೋ ಬೇರೆ ಕಾರಣಕ್ಕೋ ಊರು ಬಿಡಬೇಕಾದ ಹೆಣ್ಣುಮಕ್ಕಳು ತಮ್ಮ ಸಂಶೋಧನೆಯ ಮಾಹಿತಿಯನ್ನು ಹೊಸ ಸಂಸ್ಥೆಗೆ ಒಯ್ಯಬಹುದು. ಯಾವುದಾದರೂ ಸಂಸ್ಥೆ ಹಣ ಕೊಟ್ಟ ಪ್ರಾಜೆಕ್ಟಿನ ಭಾಗ ಆಗಿರಬಾರದು ಮತ್ತು ಹಳೇ ಸಂಸ್ಥೆಗೆ, ಗೈಡ್‌ಗೆ ಸಲ್ಲಬೇಕಾದ ಹೆಸರು ಸಲ್ಲಬೇಕು.

ಸಮಯ ಮೀರ್ತಾ ಇದೆ. ಎಷ್ಟು ವರ್ಷ ಸಿಗುತ್ತೆ?

ಪ್ರವೇಶದ ದಿನದಿಂದ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ. ಹೆಣ್ಣುಮಕ್ಕಳಿಗೆ ಮತ್ತು ಶೇ. 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಮತ್ತೂ 2 ವರ್ಷ, ಒಟ್ಟು 10 ವರ್ಷ ಮೀರುವಂತಿಲ್ಲ. ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಅವಧಿ ಮುಗಿಯುವ ಹಿಂದಿನ ವಾರ ಓಡಾಡಬೇಡಿ, ಆರು ತಿಂಗಳು ಮೊದಲೇ ಅರ್ಜಿ ರೆಡಿ ಮಾಡಿ.

ಫೆಲೋಶಿಪ್ ಫಾರಂಗೆ ಸಹಿ ಹಾಕದೆ ಆಟ ಆಡಿಸ್ತಾರೆ.

ಇದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. 2023ರ ಜನವರಿಯಿಂದ ಜೆಆರ್‌ಎಫ್ (ಜೂನಿಯರ್ ಫೆಲೋಶಿಪ್) ತಿಂಗಳಿಗೆ 37,000, ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) 42,000 ರೂಪಾಯಿ. ಅದರಲ್ಲೇ ಬಾಡಿಗೆ, ಊಟ, ಫೀಲ್ಡ್‌ವರ್ಕ್ ಬಸ್ ಚಾರ್ಜು, ಎಷ್ಟೋ ಜನ ಊರಿಗೂ ಕಳಿಸುತ್ತಾರೆ. ಒಂದು ಸಹಿ ತಡವಾದರೆ ಮನೆ ಓನರ್ ಮುಂದೆ ನಿಲ್ಲುವವರು ನಾವು.

ಫಾರಂ ಕೊಡುವಾಗ ಒಂದು ಕವರಿಂಗ್ ಲೆಟರ್ ಇರಲಿ, ಅದರ ಪ್ರತಿ ವಿಭಾಗದ ಮುಖ್ಯಸ್ಥರ ಕಚೇರಿಗೂ ಹೋಗಲಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಬೀಳಲಿ. ಹತ್ತು ದಿನ ಬಿಟ್ಟು ಮುಖ್ಯಸ್ಥರನ್ನು ಕಂಡು ಸಹಾಯ ಕೇಳಿ. ಸಾಧ್ಯವಾದರೆ ಮೊದಲ ವರ್ಷದಿಂದಲೇ ಮೂರು ತಿಂಗಳ ಖರ್ಚು ಎತ್ತಿಡಿ. ನಮ್ಮಂಥವರಿಗೆ ಕಷ್ಟ, ಗೊತ್ತು. ಆದರೂ ಹೇಳುತ್ತಿದ್ದೇನೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹೆದರಿಕೆ ಕಡಿಮೆ ಆಗುತ್ತದೆ.

ದೂರು ಕೊಡೋದಾದರೆ ಎಲ್ಲಿ?

ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು ಎಂದು ಯುಜಿಸಿಯ 2023ರ ನಿಯಮ ಹೇಳುತ್ತದೆ. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ (ಇಂಥ ಮೇಲ್ಮನವಿ ಕೇಳಲೆಂದೇ ಇರುವ ಅಧಿಕಾರಿ) ಮೇಲ್ಮನವಿ ಹಾಕಬಹುದು. ದೂರನ್ನು ಎರಡು ಪುಟದಲ್ಲಿ ಮುಗಿಸಿ. ತಾರೀಖು, ಘಟನೆ, ನಿಮಗೆ ಬೇಕಾದ ಪರಿಹಾರ. "ಗೈಡ್‌ಗೆ ಶಿಕ್ಷೆ ಆಗಲಿ" ಎಂಬ ಬೇಡಿಕೆಗಿಂತ "ಮೂರನೇ ಅಧ್ಯಾಯ 30 ದಿನದಲ್ಲಿ ಓದಿಸಿಕೊಡಿ" ಅಥವಾ "ಕೋ-ಗೈಡ್ ನೇಮಿಸಿ" ಎಂಬ ಬೇಡಿಕೆ ಬೇಗ ಈಡೇರುತ್ತದೆ.

ಲೈಂಗಿಕ ಕಿರುಕುಳ ಆದರೆ ದಾರಿ ಬೇರೆ. ಅದು ಆಂತರಿಕ ದೂರು ಸಮಿತಿಗೆ ಹೋಗಬೇಕು. ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು, ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಸಮಯ ಕೊಡಬಹುದು. ವಿಚಾರಣೆ ನಡೆಯುವಾಗ ಆ ವ್ಯಕ್ತಿ ನಿಮ್ಮ ಕೆಲಸಕ್ಕೆ ಅಂಕ ಹಾಕದ ಹಾಗೆ, ವರದಿ ಬರೆಯದ ಹಾಗೆ ತಡೆಯಲು 2015ರ ಯುಜಿಸಿ ನಿಯಮದಲ್ಲಿ ಅವಕಾಶ ಇದೆ. "ದೂರು ಕೊಟ್ಟರೆ ಥೀಸಿಸ್ ಕಥೆ ಏನು?" ಎಂದು ಹೆದರುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಜಾತಿ ನಿಂದನೆ ಆದರೆ ಎಸ್‌ಸಿ/ಎಸ್‌ಟಿ ಘಟಕ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಒಬ್ಬರೇ ಹೋಗಬೇಡಿ, ನಂಬಿಕೆ ಇರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಗೈಡ್ ಬಿಟ್ಟರೆ ಇನ್ಯಾರು ದಾರಿ ತೋರಿಸ್ತಾರೆ?

ಈ ವಿಷಯದಲ್ಲಿ ಬೆಂಗಳೂರಿನಲ್ಲಿರುವ ನಾವು ಪುಣ್ಯವಂತರು. ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಗ್ರಂಥಾಲಯ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ), ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಸಾರ್ವಜನಿಕ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಉಪನ್ಯಾಸ ಮುಗಿದ ಮೇಲೆ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿ. ನನ್ನ ಕೋ-ಗೈಡ್ ನನಗೆ ಸಿಕ್ಕಿದ್ದು ಹಾಗೇ.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಉಳಿಸಿದ್ದು ನಾಲ್ಕು ಜನರ ಒಂದು ಗುಂಪು. ಬೇರೆ ಬೇರೆ ವಿಭಾಗದವರು. ಪ್ರತಿ ಶನಿವಾರ ಬೆಳಿಗ್ಗೆ ವಿಜಯನಗರದ ಒಂದು ದರ್ಶಿನಿಯ ಹೊರಗೆ ಸೇರುತ್ತಿದ್ದೆವು. ಒಬ್ಬೊಬ್ಬರೂ ಆ ವಾರ ಬರೆದ ಎರಡು ಪುಟ ತರಬೇಕು. ಬರೆಯದಿದ್ದರೆ ಖಾಲಿ ಹಾಳೆ ತರಬೇಕು, ಬರದೆ ಇರುವ ಹಾಗಿಲ್ಲ. ಸ್ಟೀಲ್ ಮೇಜಿನ ಮೇಲೆ ಕಾಫಿ ಲೋಟ ಸರಿಸಿ ಒಬ್ಬರದ್ದೊಬ್ಬರು ಓದುತ್ತಿದ್ದೆವು. ಸಸ್ಯಶಾಸ್ತ್ರದ ಹುಡುಗ ನನ್ನ ಪುಟ ಓದಿ, "ಅಕ್ಕಾ, ಈ ಹೆಂಗಸು ಆಮೇಲೆ ಏನಾದ್ರು?" ಎಂದು ಕೇಳಿದ. ನಾಲ್ಕನೇ ಅಧ್ಯಾಯ ಪೂರ್ತಿ ಹುಟ್ಟಿದ್ದು ಆ ಪ್ರಶ್ನೆಯಿಂದ.

ನಿದ್ದೆ ಬರಲ್ಲ, ಕ್ಯಾಂಪಸ್ ಗೇಟ್ ನೋಡಿದರೆ ಎದೆ ಹೊಡ್ಕೊಳ್ಳುತ್ತೆ. ಯಾರಿಗೆ ಹೇಳಲಿ?

ಇವತ್ತೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಬಿಟಿಎಂ ಲೇಔಟ್‌ನಲ್ಲಿ ಅವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಅಲ್ಲಿ ಸಮಾಧಾನವಾಗಿ ಕೂತು ಮಾತಾಡಬಹುದು. ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗಲು ನಾನು ಆರು ತಿಂಗಳು ನಾಚಿಕೊಂಡೆ. ಹೋದ ದಿನ ಅಲ್ಲಿ ನನ್ನಂಥವರೇ ಎಷ್ಟೋ ಜನ ಕೂತಿದ್ದರು. ಜೀವ ಬೇಡ ಅನ್ನಿಸುವ ಯೋಚನೆ ಬಂದರೆ ಕಾಯಲೇಬೇಡಿ, ಪಕ್ಕದ ರೂಮಿನವರನ್ನು ಎಬ್ಬಿಸಿ, ಜೊತೆಗೆ ಹೋಗಿ.

ಬಿಟ್ಟುಬಿಡಲಾ?

ಬಿಡುವುದು ಸೋಲಲ್ಲ. ಆದರೆ ಬೈಸಿಕೊಂಡ ಸಂಜೆ ತೀರ್ಮಾನ ಮಾಡಬೇಡಿ. ಒಂದು ತಿಂಗಳು ಊರಿಗೆ ಹೋಗಿ ಬನ್ನಿ. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಗೈಡ್ ಜಾಗದಲ್ಲಿ ಒಳ್ಳೆಯವರು ಇದ್ದಿದ್ದರೆ ಈ ಕೆಲಸ ಮುಗಿಸಬೇಕು ಅನ್ನಿಸುತ್ತಿತ್ತಾ? ಹೌದು ಎಂದರೆ ಬಿಡಬೇಕಾದದ್ದು ಗೈಡನ್ನು. ಇಲ್ಲ ಎಂದರೆ ತಲೆ ಎತ್ತಿಕೊಂಡು ಹೊರಗೆ ಬನ್ನಿ, ಬರುವ ಮೊದಲು ಮೂಲ ಅಂಕಪಟ್ಟಿಗಳನ್ನು ವಾಪಸ್ ಪಡೆಯಿರಿ. ಅವನ್ನು ತಡೆಹಿಡಿಯುವುದೂ ಕುಂದುಕೊರತೆ ಸಮಿತಿಗೆ ದೂರು ಕೊಡಬಹುದಾದ ವಿಷಯವೇ.

ವೈವಾದಲ್ಲಿ ಸೇಡು ತೀರಿಸಿಕೊಂಡರೆ?

ಪ್ರಬಂಧವನ್ನು ಗೈಡ್ ಜೊತೆಗೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದುತ್ತಾರೆ. ವೈವಾ (ಮೌಖಿಕ ಪರೀಕ್ಷೆ) ಮುಚ್ಚಿದ ಬಾಗಿಲ ಹಿಂದೆ ನಡೆಯುವುದಿಲ್ಲ, ಅಧ್ಯಾಪಕರು, ಬೇರೆ ಸ್ಕಾಲರ್‌ಗಳು ಬಂದು ಕೂರಬಹುದು. ನಿಮ್ಮ ಶನಿವಾರದ ಗುಂಪನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಕೃತಜ್ಞತೆಯ ಪುಟದಲ್ಲಿ ಗೈಡ್ ಬಗ್ಗೆ ಏನು ಬರೆಯಲಿ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಬೈಂಡಿಂಗ್‌ಗೆ ಹೋಗುವ ಹಿಂದಿನ ರಾತ್ರಿ. ಸುಳ್ಳು ಹೊಗಳಿಕೆ ಬೇಡ, ಸಿಟ್ಟೂ ಬೇಡ. ಅವರಿಂದ ನಿಜವಾಗಿ ಸಿಕ್ಕ ಒಂದು ವಿಷಯ ಇದ್ದೇ ಇರುತ್ತದೆ, ಹುಡುಕಿ. ನನ್ನ ಗೈಡ್ ಮೊದಲ ವರ್ಷದಲ್ಲಿ ಒಂದು ಸಂಜೆ, "ಸಂದರ್ಶನ ಮಾಡೋಕೆ ಹೋದಾಗ ಮೊದಲು ಅವರ ಮಕ್ಕಳ ಹೆಸರು ಕೇಳಮ್ಮ" ಎಂದಿದ್ದರು. ಅದರಿಂದ ನನಗೆ ಎಷ್ಟು ಮನೆಗಳ ಬಾಗಿಲು ತೆರೆಯಿತೋ ಲೆಕ್ಕವಿಲ್ಲ. ಆ ಮಾತನ್ನು ಬರೆದು, ಅದಕ್ಕೆ ಋಣಿ ಎಂದು ಒಂದು ಸಾಲು ಹಾಕಿದೆ. ಅದರ ಕೆಳಗೆ ಕೋ-ಗೈಡ್ ಮೇಡಂ, ಸಮಿತಿಯಲ್ಲಿ ಬೆರಳಿಟ್ಟು ತೋರಿಸಿದ ಮೇಡಂ, ಶನಿವಾರದ ಮೂವರು, ಕಚೇರಿಯಲ್ಲಿ ಫೈಲು ಹುಡುಕಿಕೊಟ್ಟ ಅಣ್ಣ. ಗಾರ್ಮೆಂಟ್ಸ್‌ನ ಅಕ್ಕಂದಿರ ಹೆಸರು ಹಾಕುವ ಹಾಗಿರಲಿಲ್ಲ, ಅವರ ಕೆಲಸಕ್ಕೆ ತೊಂದರೆ ಆಗಬಾರದು. ಅವರಿಗೆ ಒಂದು ಪ್ರತಿ ಕೊಂಡೊಯ್ದು ಕೊಟ್ಟೆ. ಇಂಗ್ಲಿಷ್ ಓದಲು ಬಾರದ ಒಬ್ಬ ಅಕ್ಕ ಪುಟ ತಿರುವುತ್ತಾ, "ಇದ್ರಲ್ಲಿ ನಾನು ಎಲ್ಲಿದ್ದೀನಿ?" ಎಂದು ಕೇಳಿದಳು. ನಾಲ್ಕನೇ ಅಧ್ಯಾಯ ತೆಗೆದು ತೋರಿಸಿದೆ.